‘ಹೆಚ್ಚಾದವು’ ಅಚ್ಚಾದ ಕಥೆ

ದುಡ್ಡು ಕೊಡದ ಪತ್ರಿಕೆಗೆ ನಾನು ಒಂದು ಸಾಲನ್ನೂ ಕಳಿಸುವುದಿಲ್ಲ. ಇದನ್ನು ಕೇಳಿದ ಕೂಡಲೇ ನಮ್ಮ ಕಡೆಯ ಸಾಹಿತಿಗಳ ಮುಖ ಹುಳ್ಳಗಾಗುತ್ತದೆ. ನ್ಯಾಮತಿಯಲ್ಲಿ ಒಂದು ಕವಿಗೋಷ್ಠಿ ಮುಗಿದ ಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದ್ದರು. “ಸರಸ್ವತೀನ ಮಾರಾಕೆ ಹೋಗಬಾರದಮ್ಮ” ಎಂದಿದ್ದರು. ನಾನು ಹೊನ್ನಾಳಿಯಲ್ಲಿ ಬಳೆ ಅಂಗಡಿ ನಡೆಸುವವಳು. “ದಿನಾ ಬೆಳಗಾದ್ರೆ ಮುತ್ತೈದೆತನಾನೇ ಡಜನ್ ಲೆಕ್ಕದಾಗೆ ಮಾರ್ತೀನಿ ಸಾರ್, ಸರಸ್ವತಿ ಏನೂ ಬ್ಯಾಸರ ಮಾಡ್ಕಳಲ್ಲ ಬಿಡ್ರಿ” ಎಂದೆ. ಅವರು ಉಪ್ಪಿಟ್ಟಿನ ಕಡೆಗೆ ಗಮನ ಹರಿಸಿದರು.

ಅಹಂಕಾರ ಅಂದುಕೊಳ್ಳುವವರು ಅಂದುಕೊಳ್ಳಲಿ. ಮೊದಮೊದಲು ನಾನೂ ಕರೆದಲ್ಲಿಗೆಲ್ಲ ಹೋಗಿ ಓದಿದವಳೇ. ಬೆಳಿಗ್ಗೆಯೇ ಬನ್ನಿ ಎಂದು ಕರೆದು, ಊಟದ ಹೊತ್ತಿಗೆ ಮೈಕು ಕೊಟ್ಟು, ಎರಡು ಸಾಲು ಓದುವಷ್ಟರಲ್ಲಿ “ಬೇಗ ಮುಗಿಸಿ” ಎಂದು ಹಿಂದಿನಿಂದ ಚೀಟಿ ಕಳಿಸುವುದು. ಆಮೇಲೆ ಒಂದು ಶಾಲು, ಒಂದು ನೆನಪಿನ ಕಾಣಿಕೆ, ಒಂದು ಫೋಟೊ. ಆ ಶಾಲುಗಳು ಬೀರು ತುಂಬಿ, ಕೊನೆಗೆ ಅಂಗಡಿಯಲ್ಲಿ ಗಾಜಿನ ಬಳೆಯ ಪೆಟ್ಟಿಗೆಗಳ ಕೆಳಗೆ ಹಾಸಲು ಒದಗಿದವು. ಇನ್ನು ಕೆಲವರು ಸಂಕಲನ ತರುತ್ತೇವೆ, ಕವಿತೆ ಕೊಡಿ, ಜೊತೆಗೆ ಪ್ರವೇಶ ಶುಲ್ಕವನ್ನೂ ಕೊಡಿ ಎನ್ನುತ್ತಿದ್ದರು. ಬಳೆ ತೊಡಿಸಿ, ಗಿರಾಕಿಗೆ ನಾನೇ ದುಡ್ಡು ಕೊಟ್ಟು ಕಳಿಸಿದ ಹಾಗಾಯಿತು! ಅವತ್ತೇ ತೀರ್ಮಾನ ಮಾಡಿದೆ. ನನ್ನ ಮಾತು ಬೇಕಾದವರು ಅದಕ್ಕೆ ಸಂಭಾವನೆ ಕೊಡಲಿ. ಸಂಭಾವನೆಗೆ ಯೋಗ್ಯವಲ್ಲದ್ದನ್ನು ನಾನು ಬರೆಯುವುದೂ ಇಲ್ಲ.

ನನ್ನ ತವರು ಜಗಳೂರಿನ ಕಡೆ. ಚನ್ನಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಬಿ.ಎ. ಓದಿದೆ. ಚಿಕ್ಕಪ್ಪನದು ಅಡಿಕೆ ವ್ಯಾಪಾರ. ಅವರಿಗೆ ಧಾರಣೆಯ ಪುಟ ಬಿಟ್ಟರೆ ಬೇರೇನೂ ಬೇಡ, ಆದರೆ ಚಿಕ್ಕಮ್ಮನಿಗೆ ಕಥೆಯ ಹುಚ್ಚು. ತಿಂಗಳ ಪತ್ರಿಕೆ ಬಂದ ದಿನ ಅವರ ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ನನಗೆ ಬರೆಯುವ ಚಟ ಹತ್ತಿದ್ದು ಅಲ್ಲೇ. ಮದುವೆಯಾಗಿ ಹೊನ್ನಾಳಿಗೆ ಬಂದಾಗ ಬಳೆ ಅಂಗಡಿ ಅತ್ತೆಯ ಕೈಯಲ್ಲಿತ್ತು. ಸರಕು ತರುವುದು, ಲೆಕ್ಕ ತೀರಿಸುವುದು ನನ್ನ ಗಂಡನ ಕೆಲಸ. ಈಗ ಗಲ್ಲಾದ ಮೇಲೆ ನಾನು ಕೂರುತ್ತೇನೆ, ಅತ್ತೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಾರೆ. ಅವರಿಗೆ ಓದು ಬರುವುದಿಲ್ಲ. ಆದರೂ ನಾನು ಬರೆದದ್ದನ್ನೆಲ್ಲ ಮೊದಲು ಕೇಳುವವರು ಅವರೇ. ಚೆನ್ನಾಗಿದ್ದರೆ ಸುಮ್ಮನಿರುತ್ತಾರೆ. ಚೆನ್ನಾಗಿಲ್ಲದಿದ್ದರೆ “ಇದನ್ನ ಯಾರು ಕೊಂಡ್ಕಂತಾರೆ?” ಎನ್ನುತ್ತಾರೆ.

ಬರೆದದ್ದನ್ನು ಪತ್ರಿಕೆಗೆ ಕಳಿಸುವುದೂ ಒಂದು ಕಸುಬೇ. ಯಾವ ಪತ್ರಿಕೆ ಸಂಭಾವನೆ ಕೊಡುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು. ಅದನ್ನು ದಪ್ಪಕ್ಷರದಲ್ಲಿ ಯಾರೂ ಹಾಕುವುದಿಲ್ಲ, ಕೊನೆಯ ಪುಟದ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಇದು ಸ್ವಂತ ರಚನೆ, ಬೇರೆಲ್ಲೂ ಕಳಿಸಿಲ್ಲ ಎಂದು ಬರೆದು ಕೊಡಬೇಕು. ಒಂದು ಕಡೆ ಕಳಿಸಿದ್ದನ್ನು ಅದು ಇತ್ಯರ್ಥವಾಗುವ ತನಕ ಇನ್ನೊಂದು ಕಡೆ ಕಳಿಸುವ ಹಾಗಿಲ್ಲ. ಫೋನ್ ಮಾಡಿ ಕೇಳುವ ಹಾಗೂ ಇಲ್ಲ. ಜಾತಕ ಕೊಟ್ಟು ಉತ್ತರಕ್ಕೆ ಕಾಯುವ ಹೆಣ್ಣಿನ ಮನೆಯವರ ಪಾಡು. ಎಷ್ಟೋ ಪತ್ರಿಕೆಗಳು ಬೇಡ ಎನ್ನುವುದನ್ನೂ ಹೇಳುವುದಿಲ್ಲ, ಸುಮ್ಮನಾಗಿಬಿಡುತ್ತವೆ. ಮೊದಲ ವರ್ಷಗಳಲ್ಲಿ ನನ್ನ ಕವಿತೆಗಳು ಹೋದವು, ಹೋದದ್ದೇ ಬಂತು. ನಾನೂ ಬಿಡಲಿಲ್ಲ. ಒಂದು ಕಡೆ ಬೇಡವಾದದ್ದನ್ನು ಒಂದು ವಾರ ಬಿಟ್ಟು ಮತ್ತೆ ಓದಿ, ತಿದ್ದಿ, ಇನ್ನೊಂದು ಕಡೆಗೆ ಅಟ್ಟುತ್ತಿದ್ದೆ.

ಟೈಪ್ ಮಾಡಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಹೋಗುತ್ತಿದ್ದೆ. ಕವಿತೆಯನ್ನಾದರೆ ಮೊಬೈಲಿನಲ್ಲೇ ಒತ್ತುತ್ತೇನೆ, ಕಥೆ ಒತ್ತಲು ಹೋದರೆ ಹೆಬ್ಬೆರಳು ಕೇಳುವುದಿಲ್ಲ. ಅಂಗಡಿಯವನು ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರೆ ಎನ್ನುತ್ತಾನೆ. ಅವನ ಅಸಲಿ ಕಸುಬು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಬ್ಯಾನರು. ಅವನ ಬೆರಳು ಕೀಲಿಮಣೆಯ ಮೇಲೆ ಓಡುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಏನು ಕೊಟ್ಟರೂ ಅದನ್ನು ಶುಭಕಾರ್ಯ ಮಾಡಿಬಿಡುತ್ತಾನೆ. ನನ್ನ ಮೊದಲ ಕವಿತೆಯ ನೆತ್ತಿಯ ಮೇಲೆ ‘ಶ್ರೀ’ ಹಾಕಿ, ಸುತ್ತ ಹೂಬಳ್ಳಿ ಬಿಡಿಸಿದ್ದ. ಅದು ಬೇಸಿಗೆಯ ಬೋರ್‌ವೆಲ್ ಮೇಲೆ ಬರೆದ ಕವಿತೆ. ತೆಗಿ ಅಂದರೆ, “ಇರಲಿ ಬಿಡ್ರಿ ಅಕ್ಕಾರೆ, ಬರಿದು ಬರಿದು ಕಾಣ್ತೈತೆ” ಎಂದು ಮುಖ ಸಣ್ಣದು ಮಾಡಿಕೊಂಡ.

ಮೊದಲ ಸಂಭಾವನೆಯ ಕಥೆಯನ್ನು ಹೇಳಲೇಬೇಕು. ಒಂದು ಪತ್ರಿಕೆಯಿಂದ, ನಿಮ್ಮ ಕವಿತೆ ಸ್ವೀಕೃತವಾಗಿದೆ, ಬ್ಯಾಂಕ್ ಖಾತೆಯ ವಿವರ ಕಳಿಸಿ ಎಂದು ಮಿಂಚಂಚೆ ಬಂತು. ನಾನು ಕುಣಿಯುವುದೊಂದು ಬಾಕಿ. ನನ್ನ ಗಂಡ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಇದು ಪಕ್ಕಾ ಮೋಸ ಐತೆ” ಎಂದರು.

“ಮೋಸ ಯಾಕಾಗ್ತೈತ್ರಿ?”

“ಕವಿತೆಗೆ ಯಾರಾದ್ರೂ ದುಡ್ಡು ಹಾಕ್ತಾರೇನೆ? ಅಕೌಂಟ್ ನಂಬರ್ ಈಸ್ಕಂಡು ಇದ್ದದ್ದನ್ನೂ ಎತ್ತಾಕೆ ಹಿಂಗೆ ಮಾಡ್ತಾರೆ. ಓಟಿಪಿ ಕೇಳಿದ್ರೆ ಮಾತ್ರ ಹೇಳಬ್ಯಾಡ ನೋಡು.”

ಯಾರೂ ಓಟಿಪಿ ಕೇಳಲಿಲ್ಲ. ದುಡ್ಡು ಬಂತು. ಎಷ್ಟು ಎಂದು ಕೇಳಬೇಡಿ, ಎಷ್ಟಾದರೂ ಅದು ಕವಿತೆಯ ದುಡ್ಡು. ಮೋಸ ಎಂದ ಮನುಷ್ಯನೇ ಬ್ಯಾಂಕಿನ ಮೆಸೇಜನ್ನು ಬೀದಿಯ ಅಂಗಡಿಗಳಿಗೆಲ್ಲ ತೋರಿಸಿಕೊಂಡು ಬಂದರು. ಪಕ್ಕದ ಪಾತ್ರೆ ಅಂಗಡಿಯವರು ಅದನ್ನು ನೋಡಿ, “ಬೋರ್‌ವೆಲ್ ಫೇಲಾದ್ರೂ ನಿಮಗೆ ದುಡ್ಡು ಬಂತಲ್ರೀ” ಎಂದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ನಾನು ಬರೆಯುತ್ತಾ ಕೂತರೆ ಟಿವಿಯ ಸದ್ದು ತಾನಾಗಿಯೇ ಕಡಿಮೆಯಾಗುತ್ತದೆ.

ಇನ್ನು ಆ ಕಥೆಯ ವಿಷಯ. ಅದಕ್ಕೆ ಮೊದಲು ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಬಳೆ ಒಡೆಯಿತು ಎನ್ನುವ ಹಾಗಿಲ್ಲ. ಹೆಚ್ಚಾಯಿತು ಎನ್ನಬೇಕು. ಮನೆಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗಿದೆ ಎನ್ನುತ್ತೇವಲ್ಲ, ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನುತ್ತೇವಲ್ಲ, ಹಾಗೆ. ಮುತ್ತೈದೆಯ ಕೈಬಳೆ ಒಡೆಯಿತು ಅಂದರೆ ಕೇಳಬಾರದ ಅರ್ಥ ಬರುತ್ತದೆ. ಆದ್ದರಿಂದ ಚೂರಾಗಿ ಹೋದರೂ ಅದು ಹೆಚ್ಚಾದದ್ದೇ. ಯಾರಾದರೂ ಬಾಯಿ ತಪ್ಪಿ ಅಂದುಬಿಟ್ಟರೆ ಅತ್ತೆ ಕೂತಲ್ಲಿಂದಲೇ “ಬಿಡ್ತು ಅನ್ನು!” ಎಂದು ಗದರುತ್ತಾರೆ.

ಬಳೆ ತೊಡಿಸುವವಳಿಗೆ ಮುಖಕ್ಕಿಂತ ಮೊದಲು ಕೈ ಪರಿಚಯವಾಗುತ್ತದೆ. ಕೆಲವರ ಬಳೆ ಪಾತ್ರೆ ತಿಕ್ಕುವಾಗ, ಕಳೆ ಕೀಳುವಾಗ ಒಂದೊಂದಾಗಿ ಹೆಚ್ಚಾಗುತ್ತವೆ. ಇನ್ನು ಕೆಲವರವು ಹಾಗಲ್ಲ. ವಾರದ ಹಿಂದೆ ತೊಡಿಸಿದ ಬಳೆ ಎರಡೂ ಕೈಯಲ್ಲಿ ಒಟ್ಟಿಗೆ ಹೆಚ್ಚಾಗಿರುತ್ತವೆ. ಮಣಿಕಟ್ಟಿನ ಸುತ್ತ ಗಾಜು ಗೀರಿದ ಗುರುತು ಇರುತ್ತದೆ, ಬೆರಳು ಊರಿದ ನೀಲಿ ಇರುತ್ತದೆ. ಅವರೂ ಎಲ್ಲರ ಹಾಗೇ ನಗುತ್ತಾ ಕೈ ಚಾಚುತ್ತಾರೆ. “ಹೆಚ್ಚಾದ್ವಕ್ಕ” ಎನ್ನುತ್ತಾರೆ. ನಾನು ಅಳತೆ ನೋಡಿ, ನೋವಾಗದ ಹಾಗೆ ಬಳೆ ಏರಿಸಿ ಕಳಿಸುತ್ತೇನೆ. ಇಷ್ಟು ವರ್ಷ ಅಂಥ ಎಷ್ಟೋ ಕೈ ಹಿಡಿದಿದ್ದೇನೆ. ಅವೆಲ್ಲವೂ ಸೇರಿ ನನ್ನ ತಲೆಯಲ್ಲಿ ಒಬ್ಬ ಹೆಂಗಸಾದಳು. ಅವಳ ಮೇಲೆ ಕಥೆ ಬರೆದೆ.

ಕಥೆಯಲ್ಲಿ ಗಂಡ ಬರುವುದೇ ಇಲ್ಲ. ಯಾರೂ ಯಾರಿಗೂ ಹೊಡೆಯುವುದಿಲ್ಲ. ಒಬ್ಬ ಹೆಂಗಸು ಬಳೆ ಅಂಗಡಿಗೆ ಬರುತ್ತಾಳೆ, ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಬಂದಾಗಲೆಲ್ಲ ಮಳೆಯ ಮಾತು, ಮಕ್ಕಳ ಮಾತು, ಸೀರೆಯ ಮಾತು. ಕೊನೆಯ ಸಾಲು, “ಈ ವಾರನೂ ಹೆಚ್ಚಾದ್ವಕ್ಕ.” ಅಷ್ಟೇ ಕಥೆ. ಅತ್ತೆಗೆ ಓದಿ ಹೇಳಿದೆ. ಅವರು “ಯಾರು ಕೊಂಡ್ಕಂತಾರೆ?” ಎನ್ನಲಿಲ್ಲ.

“ಯಾರ ಹೆಸ್ರೂ ಹಾಕಿಲ್ಲ ಹೌದಲ್ಲ?” ಎಂದು ಆಮೇಲೆ ಕೇಳಿದರು.

“ಇಲ್ಲ.”

“ಹಂಗಾದ್ರೆ ಕಳ್ಸು.”

ಬರೆದದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ನನಗೆ ಗೊತ್ತಿತ್ತು. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದ್ದರಿಂದ ಸಣ್ಣಪುಟ್ಟ ಪತ್ರಿಕೆಗಳನ್ನು ಬಿಟ್ಟು, ರಾಜ್ಯವೆಲ್ಲ ಓದುವ, ಒಳ್ಳೆಯ ಸಂಭಾವನೆ ಕೊಡುವ ಒಂದು ಮಾಸಪತ್ರಿಕೆಗೇ ಕಳಿಸಿದೆ. ಆ ಪತ್ರಿಕೆಯಲ್ಲಿ ಬರಬೇಕು, ಇದೇ ಮಾತಿನಲ್ಲಿ ಬರಬೇಕು. ಅದೊಂದೇ ಆಸೆ.

ಒಂದು ಮಧ್ಯಾಹ್ನ ಸಂಪಾದಕರ ಫೋನು ಬಂತು. ದನಿ ಕೇಳಿದರೆ ಚಿಕ್ಕ ವಯಸ್ಸು, ಮಾತು ಬೇರೆ ಸೀಮೆಯದು, ಬಹಳ ಮರ್ಯಾದಸ್ಥರು. “ಕಥೆ ನಮಗೆ ಇಷ್ಟವಾಗಿದೆ ಮೇಡಂ. ಒಂದೇ ಒಂದು ಸಣ್ಣ ತಿದ್ದುಪಡಿ ಮಾಡಿದ್ದೇವೆ. ಬಳೆ ‘ಹೆಚ್ಚಾದವು’ ಅಂತ ಬರೆದಿದ್ದೀರಿ. ಬಳೆ ಹೆಚ್ಚಾಗಿದ್ದರೆ ಅವಳು ಮತ್ತೆ ಯಾಕೆ ಕೊಳ್ಳುತ್ತಾಳೆ? ಎಲ್ಲ ಕಡೆ ‘ಒಡೆದವು’ ಅಂತ ಮಾಡಿದ್ದೇವೆ” ಎಂದರು.

ಪದ್ಧತಿಯನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. “ಈಗ ನನಗೆ ಅರ್ಥವಾಯಿತು. ಆದರೆ ಓದುಗರಿಗೆಲ್ಲ ನೀವು ಫೋನ್ ಮಾಡಿ ಹೇಳಲು ಆಗುವುದಿಲ್ಲವಲ್ಲ ಮೇಡಂ. ಎಷ್ಟೋ ಜನ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಬೇಕಾದರೆ ಕೆಳಗೆ ಒಂದು ಅಡಿಟಿಪ್ಪಣಿ ಹಾಕೋಣ.”

“ಅಡಿಟಿಪ್ಪಣಿ ಬ್ಯಾಡ ಸಾರ್. ಆಕಿ ಇಡೀ ಕಥೆಯಾಗೆ ಮುಚ್ಚಿಟ್ಟಿದ್ದನ್ನ ಪುಟದ ಕೆಳಗೆ ನಾವೇ ಡಂಗುರ ಹೊಡೆದಂಗೆ ಆಗ್ತೈತೆ.”

“ಹಾಗಾದರೆ ‘ಒಡೆದವು’ ಇರಲಿ.”

“ಒಡೆದವು ಅಂತ ಹೇಳಾಕೆ ಆಕಿಗೆ ಬಾಯಿ ಇದ್ದಿದ್ರೆ ನಾನು ಕಥೆ ಯಾಕೆ ಬರೀತಿದ್ದೆ?”

“ಹಾಗಿದ್ದರೆ ಬಳಸಿಕೊಳ್ಳುವುದು ಕಷ್ಟವಾಗುತ್ತದೆ ಮೇಡಂ.”

“ಕಷ್ಟ ಆದ್ರೆ ಬ್ಯಾಡ ಬಿಡ್ರಿ ಸಾರ್” ಎಂದು ಫೋನ್ ಇಟ್ಟುಬಿಟ್ಟೆ.

ಇಟ್ಟ ಮೇಲೆ ಮಾಡಿದ್ದೇನು ಎಂದು ಗೊತ್ತಾಯಿತು. ಚನ್ನಗಿರಿಯ ಓದಿನ ದಿನಗಳಿಂದ ಕಾದು ಕಾದು ಬಂದ ಭಾಗ್ಯವನ್ನು ಕಾಲಿನಿಂದ ಒದ್ದ ಹಾಗಾಗಿತ್ತು. ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. “ಗಿರಾಕಿ ಕೆಂಪು ಬಳೆ ಕೇಳಿದ್ರೆ ಕೆಂಪು ಕೊಡ್ತೀಯ. ಇಲ್ಲ, ಹಸಿರೇ ಹಾಕ್ಕ ಅಂತ ಹಟ ಹಿಡೀತೀಯೇನು? ಒಂದು ಪದ ಅಲ್ಲೇನೆ” ಎಂದರು. ಸಿಟ್ಟು ಬಂದು ಎದ್ದು ಒಳಗೆ ಹೋದೆ.

ಅದಾದ ಮೇಲೆ ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗಿಬರುವವರ ದಿನಗಳು ಬಂದವು. ಬೇರೆ ರಾಜ್ಯಗಳಿಂದಲೂ ಜನ, ಬೀದಿ ತುಂಬಾ ಗಾಡಿ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕೈಗಳನ್ನು ಹಿಡಿದು ಬಿಡುವುದೇ ಕೆಲಸ. ಕಥೆಯನ್ನು ಮರೆಯಲು ಅದೇ ಒಳ್ಳೆಯದಾಯಿತು ಎಂದುಕೊಂಡೆ, ಮರೆಯಲಿಲ್ಲ. ಸಂಪಾದಕರು ಹೇಳಿದ್ದು ಒಳಗೆ ಕೊರೆಯುತ್ತಲೇ ಇತ್ತು. ಅವರ ಮಾತಿನಲ್ಲೂ ನ್ಯಾಯವಿತ್ತು ಎನ್ನುವುದೇ ನನ್ನ ಸಂಕಟ. ಓದುವವರಿಗೆ ತಿಳಿಯಲೂ ಬೇಕು, ನನ್ನ ಪದ ಉಳಿಯಲೂ ಬೇಕು. ಹೆಂಗೆ?

ಆ ಗದ್ದಲದಲ್ಲೇ ಒಂದು ದಿನ, ತಾಯಿಯ ಜೊತೆ ಬಂದಿದ್ದ ಒಂದು ಪುಟ್ಟ ಹೆಣ್ಣುಮಗು ಕೈಯಲ್ಲಿದ್ದ ಬಳೆಯನ್ನು ಕೆಳಗೆ ಬೀಳಿಸಿತು. “ಅಯ್ಯೋ, ಬಳೆ ಒಡೀತು!” ಎಂದು ಕೂಗಿತು. ಅತ್ತೆ ಸುಮ್ಮನಿರುತ್ತಾರೆಯೇ? “ಹಂಗನ್ನಬಾರದು. ಹೆಚ್ಚಾತು ಅನ್ನು” ಎಂದು ಕಣ್ಣು ಬಿಟ್ಟರು. ಮಗು ಬಗ್ಗಿ ನೆಲದ ಮೇಲಿದ್ದ ತುಂಡುಗಳನ್ನು ನೋಡಿ, ಬೆರಳು ಮಾಡಿ ಎಣಿಸಿ, “ಹೌದಜ್ಜಿ, ಒಂದಿದ್ದಿದ್ದು ಎರಡಾತು!” ಎಂದಿತು. ಇಡೀ ಅಂಗಡಿ ನಕ್ಕಿತು. ನಾನು ಮಾತ್ರ ಒಂದು ಕೈಯಲ್ಲಿ ಯಾರದೋ ಮಣಿಕಟ್ಟು ಹಿಡಿದುಕೊಂಡು ಬಾಯಿ ತೆರೆದು ನಿಂತೆ. ನನಗೆ ಬೇಕಾದದ್ದು ನೆಲದ ಮೇಲೆಯೇ ಬಿದ್ದಿತ್ತು.

ಅಂದು ಸಂಜೆಯೇ ಆ ಮಗುವನ್ನೂ ಅಜ್ಜಿಯನ್ನೂ ಕಥೆಯ ಮೊದಲ ಪುಟದಲ್ಲಿ ತಂದು ಕೂರಿಸಿದೆ. ಮಗು ‘ಒಡೀತು’ ಎನ್ನುತ್ತದೆ, ಅಜ್ಜಿ ‘ಹೆಚ್ಚಾತು ಅನ್ನು’ ಎಂದು ತಿದ್ದುತ್ತಾಳೆ, ಎಲ್ಲರೂ ನಗುತ್ತಾರೆ. ಇನ್ನು ಅಡಿಟಿಪ್ಪಣಿಯ ಹಂಗಿಲ್ಲ. ನಕ್ಕ ಓದುಗರಿಗೆ ಪದ ತಿಳಿದುಹೋಗುತ್ತದೆ, ಪುಟ ತಿರುಗಿದಂತೆ ಅದೇ ಪದ ನಗುವನ್ನು ಕಿತ್ತುಕೊಳ್ಳುತ್ತದೆ. ಬರೆದು ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಂಡಾಗ, ಸಂಪಾದಕರು ತಡೆದದ್ದೇ ಒಳ್ಳೆಯದಾಯಿತು ಅನ್ನಿಸಿತು. ಕಥೆ ಮೊದಲಿಗಿಂತ ಗಟ್ಟಿಯಾಗಿತ್ತು.

ಡಿಟಿಪಿ ಅಂಗಡಿಗೆ ಹೊಸ ಪುಟ ಕೊಟ್ಟು, ಹಳೆಯದರ ಜೊತೆ ಸೇರಿಸಿ ಅದೇ ಪತ್ರಿಕೆಗೆ ಮತ್ತೆ ಮೇಲ್ ಮಾಡಿಬಿಡು ಎಂದು ಹೇಳಿ ಬಂದೆ. ಅಂಗಡಿಯಲ್ಲಿ ಜನ ಕಾಯುತ್ತಿದ್ದರು, ನಿಂತು ಓದಿ ನೋಡಲಿಲ್ಲ. ಕೆಲವು ದಿನ ಬಿಟ್ಟು ಸಂಪಾದಕರ ಫೋನು ಮತ್ತೆ ಬಂತು. ಈ ಸಲ ಅವರ ದನಿಯಲ್ಲಿ ಗೊಂದಲವಿತ್ತು.

“ಹೊಸ ಭಾಗ ಸೇರಿಸಿದ್ದೀರಿ, ಸಂತೋಷ. ಆದರೆ ನನಗೆ ತಲೆಬುಡ ತಿಳಿಯಲಿಲ್ಲ ಮೇಡಂ. ಮಗು ‘ಬಳೆ ಹೆಚ್ಚಾತು’ ಅನ್ನುತ್ತದೆ. ಅಜ್ಜಿ ‘ಹಂಗನ್ನಬಾರದು, ಹೆಚ್ಚಾತು ಅನ್ನು’ ಅಂತ ಬೈಯುತ್ತಾಳೆ. ಮಗು ಹೇಳಿದ್ದೂ ಅದನ್ನೇ ಅಲ್ಲವೇ?”

“ಹಂಗೆಲ್ಲಿ ಬರೆದೀನಿ ಸಾರ್?”

“ಇಲ್ಲಿ ಹಾಗೇ ಇದೆ.”

ಅವರನ್ನು ಫೋನಿನಲ್ಲೇ ಇರಿಸಿಕೊಂಡು, ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಬಸ್ ಸ್ಟ್ಯಾಂಡ್ ಕಡೆಗೆ ಓಡಿದೆ. ಡಿಟಿ‌ಪಿಯವನು ನನ್ನ ಮುಖ ನೋಡಿದವನೇ ಎದ್ದು ನಿಂತ.

“ಮಗು ‘ಒಡೀತು’ ಅಂತ ಹೇಳೋದನ್ನ ಯಾಕೋ ತೆಗ್ದೆ?”

“ತೆಗ್ದಿಲ್ಲ ಅಕ್ಕಾರೆ, ಸರಿ ಮಾಡೀನಿ. ಅವತ್ತು ಶುಕ್ರವಾರ. ಇಲ್ಲೇ ಪಕ್ಕದಾಗೆ ಮದುವಿ ಕಾರ್ಡು ಮಾಡ್ಸಾಕೆ ಬಂದ ಹೆಣ್ಣಿನ ಕಡೇರು ಪರದೆ ನೋಡ್ಕಂತ ಕುಂತಿದ್ರು. ಅವರ ಎದುರಿಗೆ ಬಳೆ ಒಡೀತು ಅಂತ ಹೆಂಗ್ರಿ ಟೈಪ್ ಮಾಡಾಕೆ ಆಗ್ತೈತೆ? ನೀವು ಅವಸರದಾಗೆ ಬಾಯ್ತಪ್ಪಿ ಬರೆದೀರಿ ಅಂತ ತಿಳ್ಕಂಡು ಹೆಚ್ಚಾತು ಅಂತ ಹಾಕ್ದೆ.”

ಒಂದು ಕಡೆ ಪಟ್ಟಣದ ಸಂಪಾದಕರು ಹೆಚ್ಚಾದದ್ದನ್ನು ಒಡೆಯುತ್ತಿದ್ದಾರೆ, ಇನ್ನೊಂದು ಕಡೆ ನನ್ನೂರಿನ ಟೈಪಿಸ್ಟು ಒಡೆದದ್ದನ್ನು ಹೆಚ್ಚು ಮಾಡುತ್ತಿದ್ದಾನೆ. ನಡುವೆ ನನ್ನ ಕಥೆಯ ಗತಿ ಏನು! ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನಿನಿಂದಲೂ ನಗು ಕೇಳಿಸಿತು. ಸಂಪಾದಕರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ನಗು ನಿಂತ ಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. “ಟೈಪ್ ಮಾಡುವವರ ಬೆರಳಿಗೇ ‘ಒಡೀತು’ ಬರಲಿಲ್ಲ ಅಂದಮೇಲೆ ನಾನು ಇನ್ನು ನಿಮ್ಮ ‘ಹೆಚ್ಚಾದವು’ ಮುಟ್ಟುವುದಿಲ್ಲ ಮೇಡಂ. ಮಗುವಿನ ಮಾತೊಂದನ್ನು ಸರಿ ಮಾಡಿ ಕಳಿಸಿಬಿಡಿ. ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ.”

ಸರಿ ಮಾಡು ಎಂದರೆ ಡಿಟಿ‌ಪಿಯವನು ಕೀಲಿಮಣೆಯನ್ನು ನನ್ನ ಕಡೆಗೆ ತಳ್ಳಿದ. “ನೀವೇ ಒತ್ರಿ ಅಕ್ಕಾರೆ, ನನ್ನ ಕೈಲಿ ಬ್ಯಾಡ. ಮನಿಯಾಗೆ ತಂಗಿ ಮದುವಿ ಐತೆ” ಎಂದ. ಒಂದೊಂದೇ ಅಕ್ಷರ ಹುಡುಕಿ, ಒಂದೇ ಬೆರಳಿನಲ್ಲಿ ‘ಒಡೀತು’ ಎಂದು ನಾನೇ ಒತ್ತಿದೆ. ಅವನು ಅಷ್ಟು ಹೊತ್ತೂ ಹೊರಗೆ ನಿಂತು ಬಸ್ಸು ನೋಡುತ್ತಿದ್ದ.

ಕಥೆ ಅಚ್ಚಾಯಿತು. ನನ್ನ ಹೆಸರು, ಕೆಳಗೆ ಹೊನ್ನಾಳಿಯ ಹೆಸರು. ನನ್ನ ಗಂಡ ಬಸ್ ಸ್ಟ್ಯಾಂಡಿನ ಪತ್ರಿಕೆ ಅಂಗಡಿಯಲ್ಲಿ ಇದ್ದಷ್ಟೂ ಪ್ರತಿ ಕೊಂಡು ತಂದು, ಜಗಳೂರಿಗೆ ಒಂದು, ಚನ್ನಗಿರಿಗೆ ಒಂದು, ತಮ್ಮ ಸ್ನೇಹಿತರಿಗೆ ಒಂದೊಂದು ಎಂದು ಹಂಚಿದರು. ಒಂದು ಪದಕ್ಕೆ ಹಟ ಯಾಕೆ ಎಂದಿದ್ದ ಮನುಷ್ಯ ಬಂದವರಿಗೆಲ್ಲ, “ಒಂದಕ್ಷರ ಮುಟ್ಟಾಕೆ ಬಿಡಲಿಲ್ಲ ನಮ್ಮಾಕಿ” ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು. ಸಂಭಾವನೆಯೂ ಬಂತು. ಬೋರ್‌ವೆಲ್ ಕವಿತೆಯದ್ದಕ್ಕಿಂತ ಚೆನ್ನಾಗಿಯೇ ಬಂತು. ಅತ್ತೆ ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಎಲ್ಲೈತೆ ಆ ಮಾತು, ತೋರ್ಸು” ಎಂದರು. ತೋರಿಸಿದೆ. ಬೆರಳಿಟ್ಟು ನೋಡಿ, “ಇಷ್ಟೇ ಉದ್ದ ಐತೇನೆ? ಇದಕ್ಕೇ ಇಷ್ಟು ರಂಪ ಮಾಡಿದ್ಯಾ?” ಎಂದರು. ಆದರೂ ಆ ಸಂಚಿಕೆಯನ್ನು ಮನೆಗೆ ಒಯ್ಯಲು ಬಿಡಲಿಲ್ಲ. ಅಂಗಡಿಯ ಗಾಜಿನ ಮೇಜಿನ ಮೇಲೆಯೇ ಇರಲಿ ಎಂದರು. ಬಳೆಗೆ ಕಾಯುವ ಹೆಂಗಸರು ಅದನ್ನು ತೆಗೆದು ಓದತೊಡಗಿದರು. ಓದಲು ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು. ಮಗುವಿನ ಮಾತಿಗೆ ನಗು ಕೇಳಿಸುತ್ತಿತ್ತು, ಆಮೇಲೆ ಅಂಗಡಿ ಮೌನವಾಗುತ್ತಿತ್ತು. ಆ ಮೌನ ಕೇಳಿಸಿದಾಗಲೆಲ್ಲ ನಾನು ಗಲ್ಲಾದ ಹಿಂದೆ ಇನ್ನಷ್ಟು ನೆಟ್ಟಗೆ ಕೂರುತ್ತಿದ್ದೆ.

ನಮ್ಮ ಹಳೆಯ ಗಿರಾಕಿಯೊಬ್ಬಳು, ಮೂವತ್ತರ ಆಸುಪಾಸಿನವಳು, ಒಂದು ದಿನ ಆ ಕಥೆಯನ್ನು ನಿಂತೇ ಓದಿದಳು. ಓದಿ, ಪುಟ ಮಡಚದ ಹಾಗೆ ಜೋಪಾನವಾಗಿ ಇಟ್ಟು, ಏನೂ ಕೊಳ್ಳದೆ ಹೋದಳು. ನನಗೆ ಅಳುಕಾಯಿತು. ಇನ್ನು ಅವಳು ನಮ್ಮ ಅಂಗಡಿಯ ಕಡೆ ಬರುವುದಿಲ್ಲ ಎಂದುಕೊಂಡೆ. ಮುಂದಿನ ವಾರ ಬಂದಳು. ಅಂಗಡಿಯಲ್ಲಿ ಅತ್ತೆ ಮತ್ತು ನಾನು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಎರಡೂ ಕೈ ಮೇಜಿನ ಮೇಲೆ ಇಟ್ಟಳು. ಬರಿಗೈ. ನಾನು ರೂಢಿಯ ಮೇಲೆ, “ಹೆಚ್ಚಾದ್ವೇನವ್ವ?” ಎಂದು ಕೇಳಿದೆ.

“ಹೆಚ್ಚಾಗಿಲ್ಲಕ್ಕ” ಎಂದಳು. ನಗಲಿಲ್ಲ. “ಒಡದ.”

ಒಡೆದವು ಅಲ್ಲ. ಒಡೆದ. ನನ್ನ ಪದದಲ್ಲಿ ಬಳೆಗಳು ಹೆಚ್ಚಾಗುತ್ತಿದ್ದವು, ಸಂಪಾದಕರ ಪದದಲ್ಲಿ ತಾವೇ ಒಡೆಯುತ್ತಿದ್ದವು. ಅವಳ ಪದದಲ್ಲಿ ಮಾತ್ರ ಒಬ್ಬ ಮನುಷ್ಯನಿದ್ದ.

ಅತ್ತೆ ಗದರಲಿಲ್ಲ. ಕುರ್ಚಿಯಿಂದ ಎದ್ದು ಅವಳ ಭುಜ ಹಿಡಿದು, “ಇಲ್ಲಿ ಕುಂತ್ಕ ತಾಯಿ” ಎಂದು ತಮ್ಮ ಜಾಗದಲ್ಲೇ ಕೂರಿಸಿದರು. ನಾನು ಶಟರ್ ಅರ್ಧ ಎಳೆದು ನೀರು ತಂದುಕೊಟ್ಟೆ. ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು. ಅದರ ಜೊತೆಗೇ ಹೆಮ್ಮೆಯೂ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ? ಅವಳ ಮೇಲೂ ಹೆಮ್ಮೆ, ನನ್ನ ಮೇಲೂ ಹೆಮ್ಮೆ.

ಅವಳು ಮೊದಲಿನಿಂದ ಕೊನೆಯ ತನಕ ಹೇಳಿದಳು. ಕೇಳಿ ಮುಗಿಸಿದ ಮೇಲೆ ನಾನು ಫೋನ್ ಮಾಡಿ ಹೇಳಿದೆ, ನನ್ನ ಗಂಡ ಬೈಕಿನಲ್ಲಿ ಹೋಗಿ ಅವಳ ಅಣ್ಣನನ್ನು ಕರೆದುಕೊಂಡು ಬಂದರು. ಅವಳು ಅವನ ಜೊತೆ ತವರಿಗೆ ಹೋದಳು. ಅವತ್ತು ಅವಳು ಹೇಳಿದ್ದು ನನ್ನ ಕಥೆಗಿಂತ ದೊಡ್ಡದು, ಬರೆದರೆ ಯಾವ ಪತ್ರಿಕೆಯವರಾದರೂ ಎರಡನೆಯ ಮಾತಿಲ್ಲದೆ ತೆಗೆದುಕೊಳ್ಳುತ್ತಾರೆ. ಅದನ್ನು ನಾನು ಬರೆದಿಲ್ಲ. ಎಷ್ಟು ಸಂಭಾವನೆ ಕೊಟ್ಟರೂ ಕಳಿಸುವುದಿಲ್ಲ.